ಧರ್ಮಶ್ರದ್ಧೆಯೂ ವಿಜ್ಞಾನದೃಷ್ಟಿಯೂ: ಗ್ರಹಣದ ನಿದರ್ಶನ

ಧರ್ಮಶ್ರದ್ಧೆಯುಳ್ಳವನು ವಿಜ್ಞಾನವನ್ನು ಪೂರ್ಣವಾಗಿ ಒಪ್ಪಲಾರನು, ವಿಜ್ಞಾನವನ್ನು ಬಲ್ಲವನು ದೇವರನ್ನು ನಂಬಲಾರನು ಎಂಬ ಅಭಿಪ್ರಾಯವು ವಿದ್ಯಾವಂತರಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಇದಕ್ಕೆ ಪ್ರತಿಯಾಗಿ, ಇವೆರಡರ ನಡುವೆ ವಿರೋಧವೆಂಬುದೇ ಇಲ್ಲ, ವಿಜ್ಞಾನವು ಈಗ ಕಂಡುಕೊಳ್ಳುತ್ತಿರುವುದನ್ನೆಲ್ಲ ಪೂರ್ವಿಕರು ಎಂದೋ ಹೇಳಿಟ್ಟಿದ್ದಾರೆ ಎಂದು ಸಮಾಧಾನ ತಾಳುವವರೂ ಉಂಟು. ಮೊದಲನೆಯವರು ಜಗಳವನ್ನು ಬೆಳೆಸುತ್ತಾರೆ. ಎರಡನೆಯವರು ಅದನ್ನು ಮುಚ್ಚಿಡುತ್ತಾರೆ. ಪ್ರಶ್ನೆಯನ್ನು ಬರಿಯ ಸಾಮಾನ್ಯ ಮಾತುಗಳಲ್ಲಿ ಎತ್ತಿಕೊಂಡರೆ ಈ ವಾದಕ್ಕೆ ಕೊನೆಯೇ ಇಲ್ಲ. ಎಲ್ಲರೂ ಕಣ್ಣಾರೆ ಕಂಡಿರುವ ಒಂದು ವಿಷಯವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಮೇಲು. ಅಂತಹ ವಿಷಯಗಳಲ್ಲಿ ಗ್ರಹಣಕ್ಕಿಂತ ತಕ್ಕುದು ಇನ್ನೊಂದಿಲ್ಲ. ಏಕೆಂದರೆ ಗ್ರಹಣವು ಆಕಾಶದಲ್ಲಿ ನಡೆಯುವ ಗಣಿತದ ವ್ಯವಹಾರವೂ ಅಹುದು. ಭೂಮಿಯ ಮೇಲೆ ಜನರ ಭಯಭಕ್ತಿಗಳನ್ನು ಕೆರಳಿಸುವ ಘಟನೆಯೂ ಅಹುದು.

೨೦೧೯ನೆಯ ಇಸವಿ ಡಿಸೆಂಬರ್ ೨೬ರಂದು ಕಂಕಣ ಸೂರ್ಯಗ್ರಹಣವು ಸಂಭವಿಸಿತು. ಕೇರಳದ ಉತ್ತರ ಭಾಗದಲ್ಲಿಯೂ ಅದರ ನೆರೆಯ ಪ್ರದೇಶಗಳಲ್ಲಿಯೂ ಸೂರ್ಯನು ಬೆಂಕಿಯ ಬಳೆಯಂತೆ ಕಾಣಿಸಿದನು. ಕರ್ನಾಟಕದ ಉತ್ತರ ಭಾಗದಲ್ಲಿ ಗ್ರಹಣವು ಪಾರ್ಶ್ವವಾಗಿತ್ತು. ಆ ದಿನ ಬೆಳಿಗ್ಗೆ ಕಲಬುರಗಿಯ ಸಮೀಪದ ತಾಜಸುಲ್ತಾನಪುರದಲ್ಲಿ ಕೆಲವು ಅಂಗವಿಕಲ ಮಕ್ಕಳನ್ನು ಗುಂಡಿಗಳಲ್ಲಿ ನಿಲ್ಲಿಸಿ, ಕುತ್ತಿಗೆಯವರೆಗೆ ಮಣ್ಣು ತುಂಬಿದ ಸಂಗತಿಯು ವೃತ್ತಪತ್ರಿಕೆಗಳಲ್ಲಿ ಪ್ರಕಟವಾಯಿತು. ಗ್ರಹಣಕಾಲದಲ್ಲಿ ಹೀಗೆ ಹೂಳಿದರೆ ಮಕ್ಕಳ ಅಂಗದೋಷವು ಹೋಗುವುದೆಂಬುದು ಅಲ್ಲಿಯ ನಂಬಿಕೆ. ಹಾಗೆ ಮಾಡಿದವರು ಮಕ್ಕಳ ಶತ್ರುಗಳಲ್ಲ, ಹೆತ್ತವರೇ. ಅವರಲ್ಲಿದ್ದುದು ದ್ವೇಷವಲ್ಲ; ಮಕ್ಕಳು ಎದ್ದು ನಡೆದಾಡಲೆಂಬ ತೀರದ ಆಸೆ. ಇದನ್ನು ಕಂಡು ನಗುವವನು ವಿಜ್ಞಾನಿಯೂ ಅಲ್ಲ, ಧರ್ಮಿಷ್ಠನೂ ಅಲ್ಲ. ಆದರೆ ಮಣ್ಣಿನಲ್ಲಿ ಅಳುತ್ತ ನಿಂತ ಆ ಮಕ್ಕಳ ಮುಂದೆ, ಶ್ರದ್ಧೆ ಮತ್ತು ವಿಜ್ಞಾನಗಳು ಜೊತೆಯಾಗಿ ಬಾಳಬಹುದೇ ಎಂಬ ಪ್ರಶ್ನೆಯು ಪಂಡಿತರ ಚರ್ಚೆಯಾಗಿ ಉಳಿಯುವುದಿಲ್ಲ. ಅದಕ್ಕೆ ಉತ್ತರ ಹೇಳಲೇಬೇಕಾಗುವುದು.

ಗ್ರಹಣದ ನಿಜವಾದ ಕಾರಣವು ಈ ದೇಶಕ್ಕೆ ಹೊರಗಿನಿಂದ ಇತ್ತೀಚೆಗೆ ಬಂದ ತಿಳಿವಳಿಕೆಯಲ್ಲವೆಂಬುದನ್ನು ಮೊದಲು ನೆನೆಯತಕ್ಕದ್ದು. ಕ್ರಿ.ಶ. ೪೯೯ರ ಸುಮಾರಿಗೆ ಆರ್ಯಭಟನು ತನ್ನ ಆರ್ಯಭಟೀಯದಲ್ಲಿ ಅದನ್ನು ಸ್ಪಷ್ಟವಾಗಿ ಹೇಳಿದನು. ಚಂದ್ರನು ಅಡ್ಡಬಂದು ಸೂರ್ಯನನ್ನು ಮರೆಮಾಡುವುದು ಸೂರ್ಯಗ್ರಹಣ. ಭೂಮಿಯ ನೆರಳು ಚಂದ್ರನನ್ನು ಆವರಿಸುವುದು ಚಂದ್ರಗ್ರಹಣ. ರಾಹುವೆಂಬ ಅಸುರನ ತಲೆಗೆ ಆ ಲೆಕ್ಕದಲ್ಲಿ ಎಡೆಯಿಲ್ಲ. ನೆರಳಿನ ಉದ್ದವೆಷ್ಟು, ಚಂದ್ರನು ಹಾಯುವೆಡೆಯಲ್ಲಿ ಅದರ ಅಗಲವೆಷ್ಟು, ಗ್ರಹಣವು ಎಷ್ಟು ಹೊತ್ತು ಇರುವುದು ಎಂಬುದನ್ನೆಲ್ಲ ಗಣಿಸುವ ಕ್ರಮವನ್ನು ಅವನು ಕೊಟ್ಟನು. ಮುಂದೆ ಬಂದ ಜ್ಯೋತಿಷಿಗಳು ಪಂಚಾಂಗದಲ್ಲಿ ಗ್ರಹಣದ ಸ್ಪರ್ಶ ಮೋಕ್ಷಗಳನ್ನು ಬರೆದುದು ಇಂತಹ ನೆರಳಿನ ಲೆಕ್ಕದಿಂದಲೇ ಹೊರತು ರಾಹುವಿನ ಹಸಿವಿನ ಲೆಕ್ಕದಿಂದಲ್ಲ.

ಆದರೆ ಇಲ್ಲಿಯೇ ಒಂದು ವಿಚಿತ್ರವು ಕಾಣಬರುತ್ತದೆ. ೬೨೮ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನು ಜಗತ್ತಿನ ಮಹಾಗಣಿತಜ್ಞರಲ್ಲಿ ಒಬ್ಬನು. ಶೂನ್ಯವನ್ನು ಸಂಖ್ಯೆಯೆಂದು ಎಣಿಸಿ, ಅದರೊಡನೆ ಕೂಡುವ ಕಳೆಯುವ ನಿಯಮಗಳನ್ನು ಹೇಳಿದವನು. ಅವನೂ ಗ್ರಹಣವನ್ನು ನೆರಳಿನ ಪ್ರಮಾಣದಿಂದಲೇ ಗಣಿಸಿದನು. ಹೀಗಿದ್ದರೂ, ರಾಹುವು ಗ್ರಹಣಕ್ಕೆ ಕಾರಣವಲ್ಲವೆಂದ ಆರ್ಯಭಟಾದಿಗಳನ್ನು ಅದೇ ಗ್ರಂಥದಲ್ಲಿ ಅವನು ಆಕ್ಷೇಪಿಸಿದನು. ಅವರ ಮಾತು ವೇದಸ್ಮೃತಿಗಳಿಗೆ ವಿರುದ್ಧವಾದುದು ಎಂಬುದೇ ಅವನ ಆಕ್ಷೇಪದ ತಿರುಳು. ನಾನೂರು ವರ್ಷಗಳ ತರುವಾಯ ಭಾರತದ ವಿದ್ಯೆಗಳನ್ನು ಅಭ್ಯಾಸಮಾಡಿ ೧೦೩೦ರ ಸುಮಾರಿಗೆ ಗ್ರಂಥ ಬರೆದ ಅಲ್ ಬಿರೂನಿಯು ಇದನ್ನು ಕಂಡು ಬೆರಗಾದನು. ಇಷ್ಟು ಬಲ್ಲವನು ಹೀಗೇಕೆ ನುಡಿದನು? ಸತ್ಯವನ್ನಾಡಿ ಪ್ರಾಣ ತೆತ್ತ ಗ್ರೀಕ್ ಜ್ಞಾನಿ ಸಾಕ್ರೆಟಿಸನಿಗೆ ಬಂದಂತಹ ಆಪತ್ತಿನ ಭಯವು ಅವನನ್ನು ಹಾಗೆ ನುಡಿಸಿರಬೇಕೆಂದು ಅಲ್ ಬಿರೂನಿಯು ಊಹಿಸಿದನು. ಆ ಊಹೆಯು ಸರಿಯೋ ತಪ್ಪೋ, ಎದ್ದು ಕಾಣುವ ಸಂಗತಿಯು ಒಂದಿದೆ: ಲೆಕ್ಕ ಮಾಡುವ ಕೈ ನೆರಳನ್ನು ನಂಬಿತು, ಬೋಧಿಸುವ ನಾಲಗೆ ರಾಹುವಿನ ಪಕ್ಷವನ್ನು ವಹಿಸಿತು.

ಧರ್ಮವೂ ವಿಜ್ಞಾನವೂ ಒಬ್ಬನಲ್ಲಿಯೇ ಇರಬಹುದೆಂಬುದಕ್ಕೆ ಇದನ್ನು ನಿದರ್ಶನವಾಗಿ ತೋರಿಸುವವರು ಇರಬಹುದು. ನಿಜವಾಗಿ ನೋಡಿದರೆ ಇದು ಸಹಬಾಳ್ವೆಯಲ್ಲ. ಒಂದೇ ಮನೆಯಲ್ಲಿ ಗೋಡೆ ಹಾಕಿಕೊಂಡು ಮಾತುಬಿಟ್ಟು ಬದುಕುವ ದಾಯಾದಿಗಳ ಸಂಸಾರ. ಇಂತಹ ಸಂಸಾರವು ಇಂದಿಗೂ ಅಪರೂಪವಲ್ಲ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಗ್ರಹಣದ ಚಿತ್ರ ಬರೆದು ನೆರಳನ್ನು ವಿವರಿಸಿದ ಉಪಾಧ್ಯಾಯನು ಗ್ರಹಣದ ದಿನ ಮನೆಯಲ್ಲಿ ಕುಡಿಯುವ ನೀರನ್ನು ಚೆಲ್ಲಿಸುವುದುಂಟು. ೧೯೮೦ರ ಫೆಬ್ರವರಿ ೧೬ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಉತ್ತರ ಕರ್ನಾಟಕದ ಮೇಲೆ ಹಾದುಹೋದಾಗ, ಅದನ್ನು ನೋಡಲೆಂದು ದೂರದೇಶಗಳಿಂದ ವಿಜ್ಞಾನಿಗಳು ಬಂದರು. ದೇಶದ ಅನೇಕ ಊರುಗಳಲ್ಲಿ ಮಾತ್ರ ಓದುಬರಹ ಬಲ್ಲವರ ಬೀದಿಗಳೂ ಬರಿದಾಗಿದ್ದವು. ತಿಳಿವಳಿಕೆಗೆ ಕೊರತೆಯಿರಲಿಲ್ಲ. ತಿಳಿದುದು ನಡೆಯೊಳಗೆ ಇಳಿದಿರಲಿಲ್ಲ.

ಶರಣರು ಮನುಷ್ಯನನ್ನು ಅಳೆದುದು ಇದೇ ಸ್ಥಳದಲ್ಲಿ. ನುಡಿಯು ಒಂದು ದಾರಿ, ನಡೆಯು ಇನ್ನೊಂದು ದಾರಿಯಾದರೆ ಅಲ್ಲಿ ಭಕ್ತಿಯಿಲ್ಲವೆಂಬುದು ಅವರ ಬೋಧೆಯ ಅಡಿಗಲ್ಲು. ಅರಿತುದನ್ನು ಆಚರಿಸದವನನ್ನು ಅವರು ಅಜ್ಞಾನಿಗಿಂತ ಕೆಳಗೆ ಇರಿಸಿದರು. ಅರಿಯದವನಿಗೆ ತಿಳಿಸಿ ಹೇಳಬಹುದು. ಅರಿತೂ ಬೇರೊಂದನ್ನು ನುಡಿಯುವವನಿಗೆ ಏನನ್ನು ತಿಳಿಸುವುದು? ಆದುದರಿಂದ ವಿರೋಧವಿರುವುದು ಶ್ರದ್ಧೆ ಮತ್ತು ವಿಜ್ಞಾನಗಳ ನಡುವೆಯೋ, ಅಥವಾ ಸತ್ಯನಿಷ್ಠೆ ಮತ್ತು ಅದರ ಅಭಾವದ ನಡುವೆಯೋ ಎಂಬುದು ವಿಚಾರಣೀಯವಾದ ಸಂಗತಿ. ಇದನ್ನು ನಿರ್ಣಯಿಸಲು, ಶ್ರದ್ಧೆಯೂ ವಿಜ್ಞಾನವೂ ಗೋಡೆಯಿಲ್ಲದೆ ಒಂದೇ ಮನಸ್ಸಿನಲ್ಲಿ ಬಾಳಿದ ನಿದರ್ಶನವೊಂದನ್ನು ನೋಡತಕ್ಕದ್ದು. ಅದೂ ಗ್ರಹಣದ ನೆರಳಿನಲ್ಲಿಯೇ ದೊರೆಯುತ್ತದೆ.

ಆರ್ಥರ್ ಎಡಿಂಗ್ಟನ್ ೧೮೮೨ರಲ್ಲಿ ಇಂಗ್ಲೆಂಡಿನ ಕ್ವೇಕರ್ ಮನೆತನದಲ್ಲಿ ಜನಿಸಿದನು. ಹದಿನೇಳನೆಯ ಶತಮಾನದಲ್ಲಿ ಹುಟ್ಟಿದ ಈ ಕ್ರೈಸ್ತ ಪಂಥವು ಪುರೋಹಿತರನ್ನು ಒಪ್ಪುವುದಿಲ್ಲ. ಪ್ರತಿಯೊಬ್ಬ ಸ್ತ್ರೀಪುರುಷನ ಅಂತರಂಗದಲ್ಲಿಯೂ ದೇವರ ಬೆಳಕಿದೆಯೆಂದು ನಂಬಿ, ಮೌನವಾಗಿ ಕುಳಿತು ಪ್ರಾರ್ಥಿಸುವುದು ಅದರ ರೂಢಿ. ಯುದ್ಧವು ಅದಕ್ಕೆ ಸಮ್ಮತವಲ್ಲ. ಎಡಿಂಗ್ಟನ್ ಕೇಂಬ್ರಿಜ್‌ನಲ್ಲಿ ಖಗೋಳವಿಜ್ಞಾನದ ಪ್ರಾಧ್ಯಾಪಕನಾದನು. ಮೊದಲನೆಯ ಮಹಾಯುದ್ಧದ ಕೊನೆಯ ವರ್ಷವಾದ ೧೯೧೮ರಲ್ಲಿ ಸೈನ್ಯಕ್ಕೆ ಸೇರಬೇಕೆಂಬ ಕರೆ ಬಂದಾಗ, ತನ್ನ ಧರ್ಮವು ಕೊಲ್ಲುವುದನ್ನು ಒಪ್ಪದೆಂದು ನ್ಯಾಯಮಂಡಳಿಯ ಮುಂದೆ ನೇರವಾಗಿ ಹೇಳಿದನು. ವಿಜ್ಞಾನದ ಕೆಲಸದ ನೆಪವನ್ನು ಮಾತ್ರ ಹೇಳಿ ಸುಲಭವಾಗಿ ಪಾರಾಗುವ ದಾರಿಯು ಅವನಿಗಿದ್ದಿತು. ಅದರ ಮರೆಯಲ್ಲಿ ತನ್ನ ಧರ್ಮವನ್ನು ಅಡಗಿಸಿಡಲು ಅವನು ಒಪ್ಪಲಿಲ್ಲ. ಕೊನೆಗೆ ಹಿರಿಯ ಖಗೋಳವಿಜ್ಞಾನಿ ಫ್ರಾಂಕ್ ಡೈಸನ್ನನ ಪ್ರಯತ್ನದಿಂದ, ಮುಂದಿನ ವರ್ಷದ ಗ್ರಹಣದ ಪ್ರಯೋಗವನ್ನು ನಡೆಸಬೇಕೆಂಬ ನಿಬಂಧನೆಯ ಮೇಲೆ ಅವನಿಗೆ ವಿನಾಯಿತಿ ದೊರೆಯಿತು.

ಆ ಪ್ರಯೋಗದ ಹಿನ್ನೆಲೆಯಿದು. ಸೂರ್ಯನ ಅಂಚಿನ ಬಳಿ ಹಾಯುವ ನಕ್ಷತ್ರದ ಬೆಳಕು ೧.೭೫ ವಿಕಲೆಯಷ್ಟು ಬಾಗುವುದೆಂದು ಜರ್ಮನಿಯ ವಿಜ್ಞಾನಿ ಐನ್‌ಸ್ಟೈನನು ಗಣಿಸಿದ್ದನು. ಒಂದು ಅಂಶದ ೩೬೦೦ರಲ್ಲಿ ಒಂದು ಭಾಗವೇ ಒಂದು ವಿಕಲೆ. ನ್ಯೂಟನ್ನನ ನಿಯಮದಂತೆ ನೋಡಿದರೆ ಅದರ ಅರ್ಧದಷ್ಟೇ ಬಾಗಬೇಕು. ಸೂರ್ಯನ ಬಳಿಯ ನಕ್ಷತ್ರಗಳು ಹಗಲಿನಲ್ಲಿ ಕಾಣಬೇಕಾದರೆ ಖಗ್ರಾಸ ಗ್ರಹಣವೇ ಆಗಬೇಕು. ೧೯೧೯ರ ಮೇ ೨೯ರಂದು ಎಡಿಂಗ್ಟನ್ ಆಫ್ರಿಕಾದ ಪಶ್ಚಿಮಕ್ಕಿರುವ ಪ್ರಿನ್ಸಿಪೆ ದ್ವೀಪದಲ್ಲಿ ದೂರದರ್ಶಕವನ್ನು ಹೂಡಿ ಕಾದನು. ಬೆಳಿಗ್ಗೆ ಮಳೆ ಸುರಿಯಿತು. ಗ್ರಹಣದ ವೇಳೆಗೂ ಮೋಡವು ಪೂರ್ತಿಯಾಗಿ ಚದುರಲಿಲ್ಲ. ತೆಗೆದ ಹದಿನಾರು ಚಿತ್ರಫಲಕಗಳಲ್ಲಿ ಅಳತೆಗೆ ಒದಗಿದುವು ಎರಡೇ. ಬ್ರೆಜಿಲಿನ ಸೋಬ್ರಾಲ್ ಎಂಬ ಊರಿಗೆ ಇನ್ನೊಂದು ತಂಡವು ಹೋಗಿದ್ದಿತು. ಎರಡು ತಂಡಗಳ ಅಳತೆಗಳನ್ನು ಆ ವರ್ಷದ ನವೆಂಬರ್ ೬ರಂದು ಲಂಡನ್ನಿನ ವಿದ್ವತ್ಸಭೆಯ ಮುಂದಿಟ್ಟಾಗ, ಐನ್‌ಸ್ಟೈನನ ಗಣಿತವೇ ಸರಿಯೆಂದು ಸಾರಲಾಯಿತು. ಸೋಬ್ರಾಲಿನ ಒಂದು ದೂರದರ್ಶಕದ ಚಿತ್ರಗಳು ಬೇರೆ ಬೆಲೆಯನ್ನು ಕೊಟ್ಟಿದ್ದುದರಿಂದ ಕೆಲವರು ಸಂದೇಹಪಟ್ಟರು. ಆ ಸಂದೇಹವನ್ನು ಯಾರೂ ಪಾಪವೆನ್ನಲಿಲ್ಲ. ೧೯೨೨ರ ಗ್ರಹಣದಲ್ಲಿ ಆಸ್ಟ್ರೇಲಿಯಾದಲ್ಲಿ ಮತ್ತೆ ಅಳೆದು ನೋಡಿದರು. ಫಲವು ಅದೇ ಬಂದಿತು. ಶತ್ರುದೇಶದವನ ಸಿದ್ಧಾಂತವೆಂದು ಬದಿಗೊತ್ತದೆ, ತನಗೆ ಪ್ರಿಯವೆಂದು ಪರೀಕ್ಷೆಯಿಲ್ಲದೆ ಒಪ್ಪದೆ, ಅಳೆದು ನಿರ್ಣಯಿಸುವುದು ವಿಜ್ಞಾನದ ಶೀಲ.

ಇಂತಹ ಎಡಿಂಗ್ಟನ್ ತನ್ನ ಪಂಥದ ಮೌನಪ್ರಾರ್ಥನೆಯನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಭೌತವಿಜ್ಞಾನದಿಂದ ದೇವರನ್ನು ಸಾಧಿಸಿ ತೋರಿಸಬಹುದೆಂಬ ಮಾತನ್ನು ಅವನು ತನ್ನ ಬರಹಗಳಲ್ಲಿ ಸ್ಪಷ್ಟವಾಗಿ ನಿರಾಕರಿಸಿದನು. ಬೆಳಕು ಬಾಗಿದುದನ್ನು ದೇವರಿಗೆ ಸಾಕ್ಷಿಯೆನ್ನಲಿಲ್ಲ. ಪ್ರಾರ್ಥನೆಯಿಂದ ಮೋಡ ಸರಿಯಿತೆಂದು ಲೆಕ್ಕಪುಸ್ತಕದಲ್ಲಿ ಬರೆಯಲಿಲ್ಲ. ಅವನ ಶ್ರದ್ಧೆಗೂ ವಿಜ್ಞಾನಕ್ಕೂ ಬೇರೆ ಬೇರೆ ಕೆಲಸಗಳಿದ್ದವು. ಎರಡಕ್ಕೂ ಇದ್ದ ಅಂಕುಶವು ಮಾತ್ರ ಒಂದೇ. ಯಾವ ಸತ್ಯನಿಷ್ಠೆಯು ನ್ಯಾಯಮಂಡಳಿಯ ಮುಂದೆ ಧರ್ಮವನ್ನು ಮುಚ್ಚಿಡಗೊಡಲಿಲ್ಲವೋ, ಅದೇ ಸತ್ಯನಿಷ್ಠೆಯು ಅಳತೆಯಲ್ಲಿ ಇಲ್ಲದುದನ್ನು ಇದೆಯೆನ್ನಗೊಡಲಿಲ್ಲ. ಬ್ರಹ್ಮಗುಪ್ತನ ಗ್ರಂಥದಲ್ಲಿ ಕಾಣುವ ಬಿರುಕು ಇಲ್ಲಿ ಕಾಣದಿರುವುದಕ್ಕೆ ಇದೇ ಕಾರಣ. ಪ್ರತಿಭೆಯಲ್ಲಿ ಯಾರು ಮೇಲೆಂಬ ಮಾತು ಇದಲ್ಲ.

ಇದರಿಂದ ಒಂದು ವಿವೇಕವು ಹೊರಡುತ್ತದೆ. ಶ್ರದ್ಧೆಯ ಹೆಸರಿನಲ್ಲಿ ಆಡುವ ಮಾತುಗಳೆಲ್ಲ ಒಂದೇ ಜಾತಿಯವಲ್ಲ. ಗ್ರಹಣದ ಹೊತ್ತಿನಲ್ಲಿ ಒಬ್ಬನು ಶಿವಧ್ಯಾನದಲ್ಲಿ ಕುಳಿತರೆ, ಅದು ಅವನ ಭಾವಕ್ಕೆ ಸೇರಿದುದು; ಅದರೊಡನೆ ವಿಜ್ಞಾನಕ್ಕೆ ಯಾವ ತಕರಾರೂ ಇಲ್ಲ. ಆದರೆ ಗ್ರಹಣದಿಂದ ಅನ್ನವು ವಿಷವಾಗುವುದೆಂದು ಅವನು ಹೇಳಿದರೆ, ಅದು ಅನ್ನವೆಂಬ ವಸ್ತುವಿನ ವಿಷಯವಾದ ಮಾತು. ವಸ್ತುವಿನ ಮಾತನ್ನು ಪರೀಕ್ಷಿಸಿಯೇ ತಿಳಿಯಬೇಕು. ಪರೀಕ್ಷೆಯಲ್ಲಿ ನಿಲ್ಲದಿದ್ದರೆ ಬಿಡಬೇಕು. ನೆರಳು ಬೀಳುವುದರಿಂದ ಅನ್ನದಲ್ಲಿ ವಿಷವು ಹುಟ್ಟುವುದಿಲ್ಲ. ಮೋಡ ಕವಿದಾಗಲೂ ರಾತ್ರಿಯಾದಾಗಲೂ ಹುಟ್ಟುವುದಿಲ್ಲ. ಹಾಗೆಂದು ಹಳೆಯ ಮಾತುಗಳನ್ನೆಲ್ಲ ಒಟ್ಟಾಗಿ ತಳ್ಳುವುದೂ ಪರೀಕ್ಷೆಯಲ್ಲ. ಗ್ರಹಣದ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದೆಂಬ ಹಿರಿಯರ ಮಾತು ದಿಟ. ಗ್ರಹಣವು ಕಣ್ಣಿಗೆ ಶಾಪವೆಂಬುದು ಅದರ ಕಾರಣವಲ್ಲ. ಮಿಕ್ಕ ಸೂರ್ಯಬಿಂಬದ ಪ್ರಖರತೆಯು ಅಕ್ಷಿಪಟವನ್ನು ಸುಡುವುದೆಂಬುದು ಕಾರಣ.

ಪರೀಕ್ಷೆಗೆ ಒಳಪಡಿಸದ ಮಾತು ಎಷ್ಟು ಕ್ರೂರವಾಗಬಲ್ಲುದೆಂಬುದಕ್ಕೆ ಇನ್ನೊಂದು ನಿದರ್ಶನವು ಮನೆಮನೆಯಲ್ಲಿಯೂ ಇದೆ. ಬಸುರಿಯು ಗ್ರಹಣಕಾಲದಲ್ಲಿ ಕತ್ತಿ, ಈಳಿಗೆಗಳನ್ನು ಮುಟ್ಟಿದರೆ ಮಗುವಿಗೆ ಸೀಳುತುಟಿ ಬರುವುದೆಂಬ ನಂಬಿಕೆ ಅದು. ಮಗುವಿನ ತುಟಿಯು ಗರ್ಭದ ಮೊದಲ ಎರಡು ತಿಂಗಳೊಳಗೆ ರೂಪುಗೊಳ್ಳುತ್ತದೆ. ಆಗ ಎರಡು ಕಡೆಯ ಅಂಗಾಂಶಗಳು ಕೂಡಿಕೊಳ್ಳದಿದ್ದರೆ ಸೀಳು ಉಳಿಯುವುದು. ಇದಕ್ಕೆ ವಂಶವಾಹಿಗಳೂ ಇತರ ಕಾರಣಗಳೂ ಉಂಟು. ಆಕಾಶದ ನೆರಳು ಕಾರಣವಲ್ಲ. ಶಸ್ತ್ರಚಿಕಿತ್ಸೆಯಿಂದ ಅದನ್ನು ಸರಿಪಡಿಸಲೂ ಬರುವುದು. ಹೀಗಿರುವಾಗ, ಒಂದು ದಿನ ಕಾಯಿಪಲ್ಯ ಹೆಚ್ಚಿದ ತಪ್ಪಿಗಾಗಿ ತನ್ನ ಮಗುವಿನ ಮುಖವು ಕೆಟ್ಟಿತೆಂದು ತಾಯಿಯೊಬ್ಬಳು ಜನ್ಮವಿಡೀ ಕೊರಗಿದರೆ, ಆ ಕೊರಗಿಗೆ ಹೊಣೆ ಯಾರು? ನಿರಪರಾಧಿಯ ತಲೆಯ ಮೇಲೆ ಅಪರಾಧವನ್ನು ಹೊರಿಸುವ ನಂಬಿಕೆಯು ಬರಿಯ ಅಜ್ಞಾನವಲ್ಲ, ಅಧರ್ಮವೇ ಅಹುದು. ಇಲ್ಲಿ ವಿಜ್ಞಾನವು ಆ ತಾಯಿಯ ಪರವಾಗಿ ಸಾಕ್ಷಿ ನುಡಿಯುತ್ತದೆ. ದಯೆಯುಳ್ಳ ಧರ್ಮವು ಅಂತಹ ಸಾಕ್ಷಿಯನ್ನು ಹಗೆಯೆಂದು ಎಣಿಸಲಾರದು.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪವು ಏಳುತ್ತದೆ. ವಸ್ತುವಿನ ಮಾತುಗಳನ್ನೆಲ್ಲ ವಿಜ್ಞಾನಕ್ಕೆ ಒಪ್ಪಿಸಿಬಿಟ್ಟರೆ ಧರ್ಮಕ್ಕೆ ಉಳಿಯುವುದೇನು? ಇಂದು ಗ್ರಹಣ, ನಾಳೆ ರೋಗ, ನಾಡಿದ್ದು ಮಳೆಯೆಂದು ಒಂದೊಂದೇ ಕ್ಷೇತ್ರವನ್ನು ಬಿಟ್ಟುಕೊಡುತ್ತ ಹೋಗುವ ಶ್ರದ್ಧೆಯು ಕೊನೆಗೆ ಬರಿದಾಗಲಾರದೆ? ಧರ್ಮವು ತಿಳಿಯದಿರುವ ಸಂಗತಿಗಳ ಮೇಲೆಯೇ ನಿಂತಿದ್ದರೆ ಈ ಭಯವು ನ್ಯಾಯವಾದುದೇ. ಕತ್ತಲೆಯನ್ನು ಆಸರೆಯಾಗಿ ಮಾಡಿಕೊಂಡ ದೇವರು ದೀಪ ಬಂದಾಗಲೆಲ್ಲ ಹಿಂದೆ ಸರಿಯಬೇಕಾಗುವುದು. ಆದರೆ ಅಳತೆಯ ಸಾಧನಕ್ಕೆ ಸಿಕ್ಕದ ಪ್ರಶ್ನೆಗಳು ಮನುಷ್ಯನಿಗೆ ಇದ್ದೇ ಇವೆ. ಜರ್ಮನಿಯ ಫ್ರಿಟ್ಸ್ ಹಾಬರನು ಗಾಳಿಯಲ್ಲಿಯ ಸಾರಜನಕದಿಂದ ಅಮೋನಿಯವನ್ನು ಮಾಡುವ ವಿಧಾನವನ್ನು ಕಂಡುಹಿಡಿದನು. ರಾಸಾಯನಿಕ ಗೊಬ್ಬರವು ಅದರಿಂದ ಹುಟ್ಟಿ ಕೋಟ್ಯಂತರ ಜನರಿಗೆ ಅನ್ನವಾಯಿತು. ೧೯೧೫ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ರಣಭೂಮಿಯಲ್ಲಿ ಕ್ಲೋರಿನ್ ವಿಷಾನಿಲವನ್ನು ಬಿಡಿಸಿದವನೂ ಅವನೇ. ಎರಡರಲ್ಲಿಯೂ ರಸಾಯನಶಾಸ್ತ್ರದ ಲೆಕ್ಕವು ಸರಿಯಾಗಿಯೇ ಇದ್ದಿತು. ಯಾವುದನ್ನು ಮಾಡತಕ್ಕದ್ದು, ಯಾವುದನ್ನು ಮಾಡತಕ್ಕದ್ದಲ್ಲ ಎಂಬುದನ್ನು ಆ ಲೆಕ್ಕವು ಹೇಳಲಿಲ್ಲ. ಧರ್ಮವನ್ನು ಒಪ್ಪದ ಸಜ್ಜನರೂ ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತಾರೆ, ಎಷ್ಟೋ ವೇಳೆ ಒಳ್ಳೆಯ ಉತ್ತರವನ್ನೇ ಕಾಣುತ್ತಾರೆ. ಆದರೆ ಅದನ್ನು ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗಿ ಕಂಡುದಲ್ಲವೆಂಬುದನ್ನು ಅವರೂ ಒಪ್ಪುವರು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಧರ್ಮವನ್ನು ನೆಲೆಗೊಳಿಸಿದುದು ಈ ಎರಡನೆಯ ಕ್ಷೇತ್ರದಲ್ಲಿಯೇ. ತಿಥಿ, ವಾರ, ನಕ್ಷತ್ರಗಳ ಶುಭಾಶುಭವನ್ನು ಅವರು ಕಡೆಗಣಿಸಿದರು. ಭಕ್ತನಿಗೆ ಎಲ್ಲ ದಿನಗಳೂ ಸಮಾನವೆಂದರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿಗಳೆಂಬ ಪಂಚಸೂತಕಗಳನ್ನು ನಿರಾಕರಿಸಿದರು. ಅನುಭವ ಮಂಟಪದಲ್ಲಿ ಪ್ರಶ್ನೆಯು ಅವಿಧೇಯತೆಯೆನಿಸಲಿಲ್ಲ. ಕಾಯಕದಿಂದ ಪತಿ ಮಾರಯ್ಯನು ಅಗತ್ಯಕ್ಕೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಅದು ಆಸೆಯಲ್ಲವೇ ಎಂದು ಕೇಳಿ ಹಿಂದಿರುಗಿಸಿದ ಆಯ್ದಕ್ಕಿ ಲಕ್ಕಮ್ಮನು ಭಕ್ತೆಯೆಂದೇ ಪೂಜ್ಯಳಾದಳು. ಶರಣರು ಬೆಳಕಿನ ಬಾಗುವಿಕೆಯನ್ನೋ ವಂಶವಾಹಿಗಳನ್ನೋ ಅರಿತಿರಲಿಲ್ಲ. ಅರಿತಿದ್ದರೆಂದು ಹೇಳುವುದು ಅವರಿಗೆ ಸಲ್ಲಿಸುವ ಗೌರವವೂ ಅಲ್ಲ. ಅವರು ಕೊಟ್ಟುದು ವಿಜ್ಞಾನದ ಫಲಗಳನ್ನಲ್ಲ. ಅರಿವನ್ನು ಗುರುವಿನ ಸ್ಥಾನದಲ್ಲಿ ಇರಿಸಿ, ಆ ಅರಿವು ಯಾವ ಬಾಗಿಲಿನಿಂದ ಬಂದರೂ ಅಂಜದೆ ಬರಮಾಡಿಕೊಳ್ಳುವ ಧೈರ್ಯವನ್ನು ಕೊಟ್ಟರು. ಅಂಗೈಯ ಮೇಲಣ ಇಷ್ಟಲಿಂಗವು ಕುರುಹು. ಅದನ್ನು ನೋಡುತ್ತ ಅರಿವಿನ ಕಡೆಗೆ ನಡೆಯುವುದು ಸಾಧನೆ. ಕುರುಹಿಗೆ ಅಂಟಿಕೊಂಡು ಅರಿವನ್ನು ದೂರಮಾಡುವುದು ಅವರ ಮಾರ್ಗವಲ್ಲ.

ಈಗ ತಾಜಸುಲ್ತಾನಪುರದ ಮಕ್ಕಳ ವಿಷಯ. ಅವರನ್ನು ಮಣ್ಣಿನಲ್ಲಿ ಹೂಳುವುದರಿಂದ ನರಗಳಿಗಾಗಲಿ ಸ್ನಾಯುಗಳಿಗಾಗಲಿ ಯಾವ ಬಲವೂ ಬರುವುದಿಲ್ಲ. ಇದನ್ನು ವಿಜ್ಞಾನವು ಹೇಳಬೇಕು, ಧರ್ಮವು ಒಪ್ಪಬೇಕು. ಆದರೆ ಅಷ್ಟು ಹೇಳಿ ನಿಲ್ಲಿಸಿದರೆ ಹೆತ್ತವರ ಕೈ ಬರಿದಾಗಿಯೇ ಉಳಿಯುವುದು. ಅವರ ಮನೆಯ ಬಾಗಿಲಿಗೆ ಹೋಗಿ ವಿಷಯವನ್ನು ತಿಳಿಸುವವರು, ಮಗುವನ್ನು ವೈದ್ಯರ ಬಳಿಗೆ ಒಯ್ಯಲು ನೆರವಾಗುವವರು, ಗುಣವಾಗದ ಅಂಗದೋಷವಿದ್ದರೂ ಆ ಮಗುವು ಯಾವ ಪಾಪದ ಫಲವೂ ಅಲ್ಲವೆಂದು ಊರಿನ ಎದುರಿನಲ್ಲಿ ಹೇಳಿ ಎತ್ತಿಕೊಳ್ಳುವವರು ಬೇಕು. ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯಲು ಕರ್ನಾಟಕದ ಶಾಸನಸಭೆಯು ೨೦೧೭ರಲ್ಲಿ ಶಾಸನವನ್ನು ಅಂಗೀಕರಿಸಿತು. ೨೦೨೦ರಲ್ಲಿ ಅದು ಜಾರಿಗೆ ಬಂದಿತು. ಶಾಸನವು ಕೈಯನ್ನು ತಡೆಯಬಲ್ಲುದು. ಮನಸ್ಸಿನ ಭಯವನ್ನು ತೆಗೆಯುವ ಕೆಲಸವು ಬಲ್ಲವರದು. ಮಠಮಾನ್ಯಗಳ ಮಾತಿಗೆ ಹಳ್ಳಿಗಳಲ್ಲಿ ಬೆಲೆಯಿದೆ. ಉಪಾಧ್ಯಾಯರ, ವೈದ್ಯರ ಮಾತಿಗೂ ಬೆಲೆಯಿದೆ. ಇವರು ಗ್ರಹಣದ ಸತ್ಯವನ್ನು ಅರಿತೂ, ಜನರ ಮನಸ್ಸು ನೊಂದೀತೆಂದೋ ತಮ್ಮ ಮನ್ನಣೆಯು ಕುಗ್ಗೀತೆಂದೋ ಸುಮ್ಮನಿದ್ದರೆ, ಆ ಗುಂಡಿಗೆ ಹಾಕಿದ ಮಣ್ಣಿನಲ್ಲಿ ಅವರ ಒಂದು ಹಿಡಿಯೂ ಸೇರಿದಂತೆಯೇ.

ಆದುದರಿಂದ ಶ್ರದ್ಧೆಯೂ ವಿಜ್ಞಾನವೂ ಜೊತೆಯಾಗಿ ಬಾಳಬಹುದೇ ಎಂಬ ಪ್ರಶ್ನೆಗೆ, ಬಾಳಬಹುದು, ಆದರೆ ಸುಲಭವಾಗಿ ಅಲ್ಲ ಎಂಬುದೇ ಉತ್ತರ. ಶ್ರದ್ಧೆಯು ವಸ್ತುವಿನ ಮಾತಿನಲ್ಲಿ ತಪ್ಪಿದಾಗ ತಿದ್ದಿಕೊಳ್ಳಬೇಕು. ವಿಜ್ಞಾನವನ್ನು ಬಲ್ಲವನು ತನ್ನ ಬಲ್ಮೆಯಿಂದ ಅಹಂಕಾರವನ್ನು ಬೆಳೆಸಿಕೊಳ್ಳದೆ, ಅದನ್ನು ದಯೆಯ ಕೆಲಸಕ್ಕೆ ತೊಡಗಿಸಬೇಕು. ಇಬ್ಬರೂ ಮನೆಯಲ್ಲಿ ಒಂದು, ಸಭೆಯಲ್ಲಿ ಒಂದು ನುಡಿಯುವುದನ್ನು ಬಿಡಬೇಕು. ೨೦೩೧ನೆಯ ಇಸವಿ ಮೇ ೨೧ರಂದು ದಕ್ಷಿಣ ಭಾರತದ ಮೇಲೆ ಮತ್ತೊಂದು ಕಂಕಣಗ್ರಹಣವು ಹಾದುಹೋಗಲಿದೆ. ಕರ್ನಾಟಕದಲ್ಲಿ ಅದು ಪಾರ್ಶ್ವವಾಗಿ ಕಾಣುವುದು. ನೆರಳು ಯಾವ ಊರನ್ನು ಯಾವ ನಿಮಿಷದಲ್ಲಿ ಮುಟ್ಟುವುದೆಂಬುದನ್ನು ಗಣಿತಜ್ಞರು ಈಗಲೇ ಹೇಳಬಲ್ಲರು. ಆ ದಿನ ಬಸುರಿಯರಿಗೆ ಹೊತ್ತಿಗೆ ಸರಿಯಾಗಿ ಊಟ ದೊರೆಯುವುದೋ ಇಲ್ಲವೋ, ಮಕ್ಕಳು ತಕ್ಕ ಕನ್ನಡಕವನ್ನು ತೊಟ್ಟು ಆಕಾಶವನ್ನು ನೋಡುವರೋ ಅಥವಾ ಗುಂಡಿಯಲ್ಲಿ ನಿಲ್ಲುವರೋ ಎಂಬುದು ಯಾವ ಪಂಚಾಂಗದಲ್ಲಿಯೂ ಬರೆದಿಲ್ಲ. ಅದನ್ನು ಅರಿತವರು ಈಗಿನಿಂದಲೇ ನಡೆದು ತೋರಿಸಬೇಕಾಗಿದೆ.